ಕೆಚ್ಚಲಿಗೂ ಬೇಕು ಎರಡು ತಿಂಗಳ ಬಿಡುವು

"ಹಸು ಗಬ್ಬವಾಗಿ ಏಳು ತಿಂಗಳು ತುಂಬಿತು. ಆದರೂ ದಿನಕ್ಕೆ ಮೂರು ಲೀಟರ್ ಹಾಲಿದೆ. ಕರೆಯುವುದನ್ನು ನಿಲ್ಲಿಸಿ ನಷ್ಟ ಮಾಡಿಕೊಳ್ಳುವುದೇಕೆ?" ಎಂದು ಅನೇಕ ಸದಸ್ಯರು ಕೇಳುತ್ತಾರೆ. ಇದಕ್ಕೆ ಉತ್ತರ ಕೆಚ್ಚಲಿನ ಒಳರಚನೆಯಲ್ಲಿದೆ.

ಕೆಚ್ಚಲು ಹಾಲು ತುಂಬಿಡುವ ಬರಿಯ ಚೀಲವಲ್ಲ. ಅದರೊಳಗೆ ದ್ರಾಕ್ಷಿ ಗೊಂಚಲಿನಂತೆ ಅತಿ ಸಣ್ಣ ಹಾಲುಗುಳ್ಳೆಗಳಿವೆ. ಗುಳ್ಳೆಯ ಒಳಗೋಡೆಯ ಜೀವಕೋಶಗಳು ರಕ್ತದಿಂದ ಪೋಷಕಾಂಶಗಳನ್ನು ಹೀರಿ ಹಾಲು ತಯಾರಿಸುತ್ತವೆ. ಗುಳ್ಳೆಯನ್ನು ಹೊರಗಿನಿಂದ ಬಲೆಯಂತೆ ಸುತ್ತುವರಿದ ಇನ್ನೊಂದು ಬಗೆಯ ಕೋಶಗಳು ಅದನ್ನು ಅದುಮಿ ಹಾಲನ್ನು ಕೆಳಗಿಳಿಸುತ್ತವೆ.

ಈ ಎರಡೂ ಬಗೆಯ ಕೋಶಗಳಿಗೆ ಬೀಜದಂತಿರುವವು ಕಾಂಡಕೋಶಗಳು. 2006ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದ ವಿಜ್ಞಾನಿಗಳು, ಇಲಿಯಲ್ಲಿ ಇಂಥ ಒಂದೇ ಒಂದು ಕೋಶದಿಂದ ಪೂರ್ಣ ಹಾಲಿನ ಗ್ರಂಥಿ ಬೆಳೆಯಬಲ್ಲದೆಂದು ತೋರಿಸಿದರು. ಹಸುವಿನ ಕೆಚ್ಚಲಿನಲ್ಲೂ ಇಂಥ ಕೋಶಗಳಿವೆ.

ಕೆಚ್ಚಲು ಮೂರು ಹಂತಗಳಲ್ಲಿ ಬೆಳೆಯುತ್ತದೆ.

1. ಹೆಣ್ಣು ಕರುವಿಗೆ ಸುಮಾರು ಮೂರು ತಿಂಗಳಾದ ಮೇಲೆ, ಬೆದೆಗೆ ಬರುವ ತನಕ ಕೆಚ್ಚಲಿನ ನಾಳಗಳು ಮೈಗಿಂತ ವೇಗವಾಗಿ ಬೆಳೆಯುತ್ತವೆ. ಆಗ ಮೇವು ಕಡಿಮೆಯಾದರೆ ಕರು ಸೊರಗುತ್ತದೆ. ಅತಿಯಾಗಿ ತಿನ್ನಿಸಿದರೆ ಕೆಚ್ಚಲಿನಲ್ಲಿ ಕೊಬ್ಬು ಸೇರಿ ಹಾಲಿನ ಭಾಗ ಕುಗ್ಗುತ್ತದೆ.

2. ಗಬ್ಬದ ಕಾಲದಲ್ಲಿ, ಅದರಲ್ಲೂ ಕೊನೆಯ ತಿಂಗಳುಗಳಲ್ಲಿ, ಹಾಲುಗುಳ್ಳೆಗಳು ತುಂಬಿಕೊಳ್ಳುತ್ತವೆ.

3. ಕರು ಹಾಕಿದ ಆರೆಂಟು ವಾರಗಳಲ್ಲಿ ಹಾಲು ಗರಿಷ್ಠ ಮಟ್ಟ ಮುಟ್ಟುತ್ತದೆ. ಆ ಬಳಿಕ ಹಾಲು ಕೋಶಗಳು ಸಾಯುತ್ತಾ ಬರುವುದೇ ಹಾಲು ಇಳಿಯಲು ಮುಖ್ಯ ಕಾರಣ. ಹಾಲು ಬತ್ತಿಸಿದ ಅವಧಿಯಲ್ಲಿ ಹಳೆಯ ಕೋಶಗಳು ಹೋಗಿ ಹೊಸವು ಹುಟ್ಟುತ್ತವೆ. ಮುಂದಿನ ಸೂಲಿನ ಹಾಲಿಗೆ ಆಗಲೇ ಬುನಾದಿ ಬೀಳುತ್ತದೆ.

ಈ ಬಿಡುವನ್ನೇ ಕೊಡದೆ ಹೆರಿಗೆಯವರೆಗೂ ಕರೆದರೆ ಮುಂದಿನ ಸೂಲಿನಲ್ಲಿ ಸುಮಾರು ಐದರಲ್ಲಿ ಒಂದು ಭಾಗ ಹಾಲು ಕಡಿಮೆಯಾಗಬಹುದು. ಲೆಕ್ಕ ಹಾಕಿ ನೋಡಿ: ದಿನಕ್ಕೆ 3 ಲೀಟರಿನಂತೆ 60 ದಿನ ಕರೆದರೆ ಸಿಗುವುದು 180 ಲೀಟರ್. ಸೂಲಿಗೆ 2,500 ಲೀಟರ್ ಕೊಡುವ ಹಸುವಿನಲ್ಲಿ ಹೋಗುವುದು 500 ಲೀಟರ್!

ಸದಸ್ಯರು ಗಮನಿಸಬೇಕಾದ ಅಂಶಗಳು:

● ಗರ್ಭಧಾರಣೆ ಮಾಡಿಸಿದ ದಿನಾಂಕ ಬರೆದಿಟ್ಟು, ಸುಮಾರು 220 ದಿನಕ್ಕೆ ಹಾಲು ಬತ್ತಿಸಿ.

● ಬತ್ತಿಸುವಾಗ ಪಶು ಆಹಾರ ಕಡಿಮೆ ಮಾಡಿ. ಹೆರಿಗೆಗೆ ಎರಡು ಮೂರು ವಾರ ಮುಂಚಿನಿಂದ ನಿಧಾನವಾಗಿ ಹೆಚ್ಚಿಸಿ.

● ಕೊನೆಯ ಸಲ ಪೂರ್ತಿ ಕರೆದ ಮೇಲೆ, ಪಶುವೈದ್ಯರ ಸಲಹೆಯಂತೆ ಮೊಲೆಗಳಿಗೆ ಔಷಧಿ ಹಾಕಿಸಿ. ಕೊಟ್ಟಿಗೆ ಒಣಗಿರಲಿ.

● ಕೆಚ್ಚಲು ಬಾವನ್ನು ಅಲಕ್ಷಿಸಬೇಡಿ. ಬಾವಿನಿಂದ ಗಟ್ಟಿಯಾಗಿ ಕಲೆಗಟ್ಟಿದ ಭಾಗದಲ್ಲಿ ಮತ್ತೆ ಹಾಲುಗುಳ್ಳೆ ಮೂಡುವುದು ಕಷ್ಟ.

ಒಂದು ಬೆಳೆ ತೆಗೆದ ಹೊಲವನ್ನು ಹದ ಮಾಡಿಯೇ ಮುಂದಿನ ಬಿತ್ತನೆ ಮಾಡುತ್ತೇವೆ. ಕೆಚ್ಚಲಿಗೂ ಆ ಹದದ ಕಾಲ ಕೊಡೋಣ.