ಲೆಕ್ಕ ಕೇಳುವುದು ಅಪನಂಬಿಕೆಯೇ?

ನಮ್ಮ ಯುವಜನರಿಗೆ ಉಳಿತಾಯ, ಸಾಲ, ಬಡ್ಡಿಯ ವಿಷಯ ಕಲಿಸುವ ಸೇವಾಸಂಸ್ಥೆಗಳಿಗೆ ನಾವು ಕಾಣಿಕೆ ಕೊಡುತ್ತೇವೆ. ಆ ಹಣದ ಲೆಕ್ಕ ಕೇಳಲು ಮಾತ್ರ ಸಂಕೋಚ. ಪುಣ್ಯದ ಕೆಲಸ, ಕೇಳಬಾರದು ಎಂಬ ಮಾತು ಬೇರೆ!

ಸಂತ ಪೌಲರು ಹಾಗೆ ಎಣಿಸಲಿಲ್ಲ. ಜೆರುಸಲೇಮಿನ ಬಡವರಿಗಾಗಿ ಕೂಡಿಸಿದ ಹಣದ ವಿಷಯದಲ್ಲಿ ತೀತನ ಜೊತೆಗೆ ಸಭೆಗಳೇ ಆರಿಸಿದ ಸಹೋದರನೊಬ್ಬನನ್ನೂ ಕಳುಹಿಸಿದರು. ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ವ್ಯವಹಾರ ಶುದ್ಧವಾಗಿರಬೇಕೆಂಬುದು ಅವರ ಕಾಳಜಿ (2 ಕೊರಿಂಥ 8). ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ (1287) ಹೇಳುತ್ತದೆ. ನಮ್ಮಂಥ ಗುರುಗಳೂ ಇದಕ್ಕೆ ಹೊರತಲ್ಲ.

ದೂರ ಹೋಗುವುದು ಬೇಡ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ್ದು ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲೊಂದು. ಅದಕ್ಕೆ ಆಧಾರವಾದ 1904ರ ಕಾಯಿದೆ ವರ್ಷಕ್ಕೊಮ್ಮೆಯಾದರೂ ಲೆಕ್ಕ ತಪಾಸಣೆ ಆಗಲೇಬೇಕೆಂದಿತ್ತು. ಒಬ್ಬರನ್ನೊಬ್ಬರು ಬಲ್ಲ ಒಂದೇ ಊರಿನವರಿಗೂ!

ಆದ್ದರಿಂದ ಸಂಸ್ಥೆಯ ವರದಿ ಬಂದಾಗ ಫೋಟೊ ಮಾತ್ರ ನೋಡಬೇಡಿ. ಎಷ್ಟು ಬಂತು, ತರಬೇತಿಗೆ ಎಷ್ಟು, ವಾಹನ-ಕಚೇರಿಗೆ ಎಷ್ಟು, ಉಳಿದದ್ದು ಯಾವ ಖಾತೆಯಲ್ಲಿ, ಲೆಕ್ಕ ಪರಿಶೋಧಕರ ಸಹಿ ಇದೆಯೇ? ಲಕ್ಷ್ಮೇಶ್ವರವಿರಲಿ, ಮುಂಡರಗಿಯಿರಲಿ, ತರಬೇತಿ ಪಡೆದ ಮಕ್ಕಳಿಗೇ ಆ ಜಮಾ-ಖರ್ಚಿನ ಹಾಳೆ ಕೊಟ್ಟು ಓದಿಸಿ. ಅವರು ಕಲಿತದ್ದೆಷ್ಟು ಎಂಬುದೂ ತಿಳಿದೀತು.