ಡಯಾಲಿಸಿಸ್ ಮಾಡಿಸಿಕೊಳ್ಳುವ ಹಿರಿಯರು ಬೀಳದಿರಲಿ

ಡಯಾಲಿಸಿಸ್ ಮುಗಿಸಿ ತಂದೆಯನ್ನು ಮನೆಗೆ ಕರೆತಂದಿದ್ದೀರಿ. ದಣಿದು ಮಲಗಿದ್ದಾರೆ. ಅಸರ್ ಅಝಾನ್ ಕೇಳಿದೊಡನೆ ಎದ್ದು ವುಝೂ ಮಾಡಲು ಬಚ್ಚಲಿನತ್ತ ಹೊರಡುತ್ತಾರೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದುಕೊಳ್ಳುತ್ತಾರೆ. ಕೇಳಿದರೆ, "ಏನಿಲ್ಲ, ವಯಸ್ಸಾಯಿತಲ್ಲ" ಎನ್ನುತ್ತಾರೆ. ನೀವೂ ಹಾಗೆಯೇ ಅಂದುಕೊಂಡು ಸುಮ್ಮನಾಗುತ್ತೀರಿ.

ಸುಮ್ಮನಾಗಬೇಡಿ. ಇದು ಬರೀ ವಯಸ್ಸಿನ ದೋಷವಲ್ಲ. ಇದಕ್ಕೆ ಕಾರಣಗಳಿವೆ, ಅವುಗಳಲ್ಲಿ ಹೆಚ್ಚಿನವನ್ನು ಮನೆಯವರೇ ಗಮನಿಸಿ ವೈದ್ಯರಿಗೆ ತಿಳಿಸಬಹುದು. ಇಂದು ಗೋಡೆ ಹಿಡಿದವರು ನಾಳೆ ನೆಲಕ್ಕೆ ಬೀಳದಂತೆ ತಡೆಯಬಹುದು.

ತಲೆ ಸುತ್ತುವುದೇಕೆ?

ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ 2 ಅಥವಾ 3 ಬಾರಿ, ಪ್ರತಿ ಬಾರಿ ಸುಮಾರು 4 ಗಂಟೆ ನಡೆಯುತ್ತದೆ. ಎರಡು ಮೂರು ದಿನಗಳಲ್ಲಿ ದೇಹದಲ್ಲಿ ಸೇರಿದ ನೀರನ್ನು ಯಂತ್ರ ಈ ಕೆಲವೇ ಗಂಟೆಗಳಲ್ಲಿ ಹೊರತೆಗೆಯುತ್ತದೆ. ಆಗ ರಕ್ತದೊತ್ತಡ ಇಳಿಯುತ್ತದೆ. ಮಲಗಿದ್ದವರು ತಟ್ಟನೆ ಎದ್ದಾಗ ಮೆದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆ ಬರುತ್ತದೆ. ಉಪ್ಪು ಮತ್ತು ನೀರು ಹೆಚ್ಚಾಗಿ ಸೇವಿಸಿದವರಿಂದ ಹೆಚ್ಚು ನೀರು ತೆಗೆಯಬೇಕಾಗುತ್ತದೆ. ಅವರಿಗೆ ಈ ತೊಂದರೆಯೂ ಹೆಚ್ಚು.

ಇದರ ಜೊತೆಗೆ ಬೇರೆ ಕಾರಣಗಳೂ ಸೇರಿಕೊಳ್ಳುತ್ತವೆ. ಬಹುಕಾಲದ ಸಕ್ಕರೆ ಕಾಯಿಲೆಯಿಂದ ಪಾದಗಳ ನರಗಳು ಸೋತು ನೆಲದ ಸ್ಪರ್ಶವೇ ಸರಿಯಾಗಿ ತಿಳಿಯುವುದಿಲ್ಲ. ತೊಡೆಯ ಸ್ನಾಯುಗಳು ಕರಗಿರುತ್ತವೆ. ರಕ್ತಹೀನತೆಯಿಂದ ನಿಶ್ಶಕ್ತಿ ಇರುತ್ತದೆ. ಬಿ.ಪಿ. ಮಾತ್ರೆ, ನಿದ್ದೆ ಮಾತ್ರೆಗಳ ಪರಿಣಾಮವೂ ಇರಬಹುದು. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಸಕ್ಕರೆ ಪ್ರಮಾಣ ಇಳಿದೂ ತಲೆ ಸುತ್ತಬಹುದು.

ಬಿದ್ದರೆ ಪೆಟ್ಟು ದೊಡ್ಡದು

ಕಿಡ್ನಿ ವಿಫಲವಾದವರ ಮೂಳೆಗಳು ಒಳಗಿನಿಂದ ದುರ್ಬಲವಾಗಿರುತ್ತವೆ. ಸಣ್ಣ ಬೀಳುವಿಕೆಯಿಂದಲೂ ಸೊಂಟದ ಮೂಳೆ ಮುರಿಯಬಹುದು. ಅಲ್ಲದೆ, ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹೆಚ್ಚಿನವರಿಗೆ ಹೆಪಾರಿನ್ ಕೊಡುತ್ತಾರೆ. ಅದರ ಪ್ರಭಾವ ಕೆಲವು ಗಂಟೆಗಳ ಕಾಲ ಉಳಿಯುತ್ತದೆ. ಆ ಹೊತ್ತಿನಲ್ಲಿ ತಲೆಗೆ ಪೆಟ್ಟಾದರೆ ಹೊರಗೆ ಗಾಯ ಕಾಣದಿದ್ದರೂ ಒಳಗೆ ರಕ್ತಸ್ರಾವವಾಗುವ ಅಪಾಯವಿದೆ.

ಮನೆಯಲ್ಲಿ ಏನು ಮಾಡಬೇಕು?

• ಡಯಾಲಿಸಿಸ್ ಆದ ದಿನ ಹಿರಿಯರನ್ನು ಒಂಟಿಯಾಗಿ ಬಿಡಬೇಡಿ. ಆಸ್ಪತ್ರೆಯ ಮಂಚದಿಂದ ಇಳಿಯುವಾಗಲೇ ಜೊತೆಗಿರಿ.
• ಏಳುವ ಕ್ರಮ ಕಲಿಸಿ. ಮೊದಲು ಮಂಚದಲ್ಲೇ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಲಿ, ಪಾದಗಳನ್ನು ಆಡಿಸಲಿ. ಆಮೇಲೆ ಏನನ್ನಾದರೂ ಹಿಡಿದು ಎದ್ದು, ಸ್ವಲ್ಪ ನಿಂತು, ನಂತರ ಹೆಜ್ಜೆ ಇಡಲಿ.
• ವುಝೂವನ್ನು ಗಟ್ಟಿಯಾದ ಸ್ಟೂಲಿನ ಮೇಲೆ ಕುಳಿತೇ ಮಾಡಲಿ. ಒಂದು ಕಾಲಲ್ಲಿ ನಿಂತು ಇನ್ನೊಂದನ್ನು ತೊಳೆಯುವುದು ಬೇಡ. ನೆಲವನ್ನು ಕೂಡಲೇ ಒರಸಿ.
• ಸುಜೂದ್‌ನಿಂದ ಏಳುವಾಗ ತಲೆ ಸುತ್ತುವವರು ಕುಳಿತು ನಮಾಝ್ ಮಾಡಲಿ. ನಿಲ್ಲಲಾಗದ ರೋಗಿಗೆ ಧರ್ಮವೇ ಈ ರಿಯಾಯಿತಿ ನೀಡಿದೆ. ಕುರ್ಚಿ ಭಾರವಾಗಿರಲಿ, ಜಾರದಿರಲಿ. ನುಣುಪಾದ ಟೈಲ್ಸ್ ಮೇಲೆ ಮುಸಲ್ಲಾ ಕೂಡ ಜಾರುತ್ತದೆ, ಗಮನಿಸಿ.
• ಮಂಚದಿಂದ ಶೌಚಾಲಯದವರೆಗೆ ರಾತ್ರಿ ಸಣ್ಣ ದೀಪವಿರಲಿ. ಗೋಡೆಗೆ ಹಿಡಿಕೆ ಹಾಕಿಸಿ. ನಲ್ಲಿಯನ್ನೋ ಟವೆಲ್ ಸರಳನ್ನೋ ಹಿಡಿದು ಏಳುವ ಅಭ್ಯಾಸ ಬೇಡ.
• ಸವೆದ ಹವಾಯಿ ಚಪ್ಪಲಿ ಬಿಸಾಡಿ. ನೆಲ ಗುಡಿಸುವಷ್ಟು ಉದ್ದದ ಲುಂಗಿ, ಮ್ಯಾಕ್ಸಿಗಳೂ ಕಾಲಿಗೆ ತೊಡರುತ್ತವೆ.

ಬಿ.ಪಿ. ಮಾತ್ರೆಯನ್ನು ಡಯಾಲಿಸಿಸ್ ದಿನ ಯಾವಾಗ ತೆಗೆದುಕೊಳ್ಳಬೇಕೆಂದು ವೈದ್ಯರಲ್ಲೇ ಕೇಳಿ. ನೀವಾಗಿ ನಿಲ್ಲಿಸಬೇಡಿ.

ಒಂದು ಸರಳ ಪರೀಕ್ಷೆ

ಡಯಾಲಿಸಿಸ್ ಇಲ್ಲದ ದಿನ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ. ಅವರು ಎದ್ದು 3 ಮೀಟರ್ ಮಾಮೂಲಿ ವೇಗದಲ್ಲಿ ನಡೆದು, ತಿರುಗಿ ಬಂದು ಕೂರಲಿ. ನೀವು ಪಕ್ಕದಲ್ಲೇ ಇರಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಬೀಳುವ ಅಪಾಯವಿದೆ ಎಂದು ತಿಳಿದು ವೈದ್ಯರಿಗೆ ಹೇಳಿ. ಕುಳಿತಾಗ ಮತ್ತು ನಿಂತಾಗ ಬಿ.ಪಿ. ನೋಡುವಂತೆಯೂ ಕೇಳಿಕೊಳ್ಳಿ.

ಕಾಲಿಗೆ ಬಲ ಬರಲು ವೈದ್ಯರ ಒಪ್ಪಿಗೆ ಪಡೆದು ಎರಡು ವ್ಯಾಯಾಮ ಮಾಡಿಸಬಹುದು. ಒಂದು, ಕುರ್ಚಿಯಿಂದ ನಿಧಾನವಾಗಿ ಎದ್ದು ಮತ್ತೆ ಕೂರುವುದು. ಎರಡು, ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಐದೈದು ಸಲದಿಂದ ಆರಂಭಿಸಿ. ಡಯಾಲಿಸಿಸ್ ಮುಗಿದ ಕೂಡಲೇ ಬೇಡ. ಎದೆನೋವು, ಉಬ್ಬಸ, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ.

ತಲೆ ಸುತ್ತಿದಾಗ, ಬಿದ್ದಾಗ

ತಲೆ ಸುತ್ತಿದರೆ ಅಲ್ಲೇ ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಿ. ಸಕ್ಕರೆ ಕಾಯಿಲೆ ಇದ್ದರೆ ಗ್ಲೂಕೋಮೀಟರ್‌ನಲ್ಲಿ ನೋಡಿ. ನಿಶ್ಶಕ್ತಿ ಎಂದು ಎಳನೀರು ಕುಡಿಸಲೇಬೇಡಿ. ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಕೆಲಸ ಮಾಡದ ಕಿಡ್ನಿ ಅದನ್ನು ಹೊರಹಾಕಲಾರದು. ಹೃದಯದ ಬಡಿತವೇ ಏರುಪೇರಾಗಬಹುದು. ಡಯಾಲಿಸಿಸ್ ತಪ್ಪಿಸಿಕೊಂಡವರಿಗೆ ಇದ್ದಕ್ಕಿದ್ದಂತೆ ಕಾಲುಗಳ ಬಲ ಕುಂದಿದರೆ ಅದೂ ಪೊಟ್ಯಾಸಿಯಂ ಏರಿದ ಸೂಚನೆಯಾಗಿರಬಹುದು. ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಬಿದ್ದವರನ್ನು ಗಾಬರಿಯಿಂದ ಎಳೆದು ಎಬ್ಬಿಸಬೇಡಿ, ಅದರಲ್ಲೂ ಫಿಸ್ಟುಲಾ ಇರುವ ಕೈ ಹಿಡಿದು ಎಳೆಯಲೇಬಾರದು. ಸೊಂಟ ನೋಯುತ್ತಿದ್ದರೆ, ಕಾಲು ಎತ್ತಲಾಗದಿದ್ದರೆ ಅಲ್ಲೇ ಮಲಗಿಸಿ 108ಕ್ಕೆ ಕರೆ ಮಾಡಿ. ತಲೆಗೆ ಪೆಟ್ಟಾಗಿದ್ದರೆ ಚೆನ್ನಾಗಿಯೇ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕರೆದೊಯ್ದು, ಡಯಾಲಿಸಿಸ್ ಆದ ಸಮಯ ತಿಳಿಸಿ. ಫಿಸ್ಟುಲಾದಿಂದ ರಕ್ತ ಬರುತ್ತಿದ್ದರೆ ಆ ಜಾಗವನ್ನೇ ಗಟ್ಟಿಯಾಗಿ ಒತ್ತಿಹಿಡಿದು ಕೈ ಮೇಲೆತ್ತಿ, 108ಕ್ಕೆ ಕರೆ ಮಾಡಿಸಿ. ಅಲ್ಲಿ ಎಂದಿನ ಕಂಪನ ಕೈಗೆ ಸಿಗದಿದ್ದರೆ ಕೂಡಲೇ ಡಯಾಲಿಸಿಸ್ ಘಟಕಕ್ಕೆ ತಿಳಿಸಿ.

ಮಕ್ಕಳಿಗೆ ಹೊರೆಯಾಗಬಾರದೆಂದು ಎಷ್ಟೋ ತಂದೆ ತಾಯಂದಿರು ಬಿದ್ದದ್ದನ್ನೇ ಮುಚ್ಚಿಡುತ್ತಾರೆ. ಗದರಿಸಿ ಕೇಳಿದರೆ ಇನ್ನಷ್ಟು ಮುಚ್ಚಿಡುತ್ತಾರೆ. ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿ: "ಈ ವಾರ ಎಲ್ಲಾದರೂ ಕಾಲು ತಪ್ಪಿತೇ, ಗೋಡೆ ಹಿಡಿಯಬೇಕಾಯಿತೇ?" ಹೌದೆಂದರೆ ದಿನ ಮತ್ತು ಹೊತ್ತನ್ನು ಚೀಟಿಯಲ್ಲಿ ಬರೆದು ಮುಂದಿನ ಡಯಾಲಿಸಿಸ್‌ಗೆ ಹೋಗುವಾಗ ವೈದ್ಯರಿಗೆ ತೋರಿಸಿ. ಎಷ್ಟು ನೀರು ತೆಗೆಯಬೇಕು, ಯಾವ ಮಾತ್ರೆ ಬದಲಿಸಬೇಕು ಎಂದು ನಿರ್ಧರಿಸಲು ಆ ಚೀಟಿ ಅವರಿಗೆ ನೆರವಾಗುತ್ತದೆ.