ಬಳಸಿದ ಉಡುಪಿನ ವ್ಯಾಪಾರ: ಅಂತರಜಾಲದ ಖರೀದಿ ಮತ್ತು ನ್ಯಾಯವಾದ ಲಾಭ

ಅನ್ನದ ನಂತರ ಮಾನವನಿಗೆ ಅತ್ಯವಶ್ಯಕವಾದುದು ವಸ್ತ್ರ. ಅನ್ನವು ಉಂಡೊಡನೆ ಮುಗಿಯುತ್ತದೆ, ವಸ್ತ್ರವು ಹಾಗಲ್ಲ. ಅದು ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ, ಒಂದು ರೂಪದಿಂದ ಇನ್ನೊಂದು ರೂಪಕ್ಕೆ ಸಾಗುತ್ತ ಹಲವು ಆಯುಷ್ಯಗಳನ್ನು ಪಡೆಯುತ್ತದೆ. ಅಣ್ಣನ ಅಂಗಿ ತಮ್ಮನಿಗೆ ಬರುವುದು, ತಾಯಿಯ ಹಳೆಯ ಸೀರೆ ಕೌದಿಯ ಪದರವಾಗುವುದು ನಮ್ಮ ಮನೆಗಳಲ್ಲಿ ನಿತ್ಯದ ಸಂಗತಿಗಳು. ಆದರೆ ಹಳೆಯ ಬಟ್ಟೆಗೂ ಪೇಟೆಯಲ್ಲಿ ಬೆಲೆಯುಂಟೆಂಬುದನ್ನು ನಮಗೆ ಮೊದಲು ತೋರಿಸಿಕೊಟ್ಟವರು, ಓಣಿ ಓಣಿ ತಿರುಗಿ ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಹೆಣ್ಣುಮಕ್ಕಳು ಮತ್ತು ಹಳೆಯ ಜರಿ ಸೀರೆ ಕೊಳ್ಳುವ ವ್ಯಾಪಾರಿಗಳು.

ಇದೇ ವ್ಯವಹಾರವು ಇಂದು ಅಂತರಜಾಲದ ಮೂಲಕ ಲೋಕವ್ಯಾಪಿಯಾಗಿ ಬೆಳೆದಿದೆ. ಒಂದೆಡೆ ಬಳಸಿದ ಉಡುಪನ್ನು ಜಾಲತಾಣದಲ್ಲಿ ಅಗ್ಗಕ್ಕೆ ಕೊಂಡು, ಇನ್ನೊಂದೆಡೆ ಲಾಭಕ್ಕೆ ಮಾರುವುದನ್ನು ಅನೇಕರು ಉಪವೃತ್ತಿಯಾಗಿ, ಕೆಲವರು ಪೂರ್ಣವೃತ್ತಿಯಾಗಿ ಕೈಗೊಂಡಿದ್ದಾರೆ. ಈ ವ್ಯಾಪಾರದ ಸ್ವರೂಪವೇನು, ಇದರಲ್ಲಿ ಲಾಭವು ಎಲ್ಲಿಂದ ಹುಟ್ಟುತ್ತದೆ, ಆ ಲಾಭವು ಯಾವಾಗ ನ್ಯಾಯವಾದುದು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ವಿವೇಚಿಸಲಾಗಿದೆ. ವಾಣಿಜ್ಯಶಾಸ್ತ್ರವನ್ನು ಬೋಧಿಸುವವರಿಗೆ ಇದೊಂದು ಉತ್ತಮ ಪಾಠವಸ್ತುವೂ ಆಗಬಲ್ಲದು.

1. ಉಗಮ ಮತ್ತು ಬೆಳವಣಿಗೆ

ಅಮೆರಿಕದ ಬಾಸ್ಟನ್ ನಗರದಲ್ಲಿ 1902ರಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಮೆಥೋಡಿಸ್ಟ್ ಪಾದ್ರಿಯು ಗುಡ್‌ವಿಲ್ ಸಂಸ್ಥೆಗೆ ಅಡಿಪಾಯ ಹಾಕಿದನು. ಉಳ್ಳವರ ಮನೆಗಳಿಂದ ಹಳೆಯ ಬಟ್ಟೆ ಹಾಗೂ ಸಾಮಾನುಗಳನ್ನು ಸಂಗ್ರಹಿಸಿ, ಬಡವರಿಂದಲೇ ದುರಸ್ತಿ ಮಾಡಿಸಿ, ಮಾರಿ ಬಂದ ಹಣವನ್ನು ಅವರಿಗೆ ಕೂಲಿಯಾಗಿ ಕೊಡುವುದು ಅವನ ಯೋಜನೆಯಾಗಿತ್ತು. ಇಂತಹ ದತ್ತಿ ಅಂಗಡಿಗಳು ಇಂದು ಆ ದೇಶದ ಊರೂರಿನಲ್ಲಿವೆ. ಇದೇ ಗುಡ್‌ವಿಲ್‌ನ ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿ ಶಾಖೆಯು 1999ರಲ್ಲಿ ಶಾಪ್‌ಗುಡ್‌ವಿಲ್ ಎಂಬ ಹರಾಜಿನ ಜಾಲತಾಣವನ್ನು ಆರಂಭಿಸಿತು. ಹಲವು ಶಾಖೆಗಳು ತಮಗೆ ದಾನವಾಗಿ ಬಂದ ವಸ್ತುಗಳನ್ನು ಅದರಲ್ಲಿ ಸವಾಲಿಗಿಡುತ್ತವೆ. ದೂರದಲ್ಲಿದ್ದವರೂ ಸವಾಲು ಕೂಗಿ ಕೊಳ್ಳಬಹುದು.

ಮಾರುವ ಕಡೆಯ ತಾಣಗಳಲ್ಲಿ ಹಿರಿಯದು ಇಬೇ. 1995ರಲ್ಲಿ ಪಿಯರ್ ಒಮಿಡ್ಯಾರ್ ಇದನ್ನು ಆರಂಭಿಸಿದಾಗ ಮಾರಾಟವಾದ ಮೊದಲ ವಸ್ತು ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್. ಅದಕ್ಕೆ ಬಂದ ಬೆಲೆ 14.83 ಡಾಲರ್. ಅದು ಕೆಟ್ಟಿದೆಯೆಂಬುದು ತಿಳಿದಿದೆಯೇ ಎಂದು ಅವನು ಕೇಳಿದಾಗ, ಕೆಟ್ಟವುಗಳನ್ನೇ ತಾನು ಸಂಗ್ರಹಿಸುವುದಾಗಿ ಕೊಂಡವನು ತಿಳಿಸಿದನಂತೆ. ದೋಷವನ್ನು ಮುಚ್ಚಿಡದೆ ಹೇಳಿದ ವಸ್ತುವಿಗೂ ಕೊಳ್ಳುವವನೊಬ್ಬನು ದೊರೆಯುತ್ತಾನೆ ಎಂಬ ಮಾತಿಗೆ ಇದು ನಿದರ್ಶನ. ಮುಂದೆ ಉಡುಪಿಗಾಗಿಯೇ ಪ್ರತ್ಯೇಕ ತಾಣಗಳು ಹುಟ್ಟಿದವು. ಲಿಥುವೇನಿಯಾದಲ್ಲಿ 2008ರಲ್ಲಿ ವಿಂಟೆಡ್, ಅಮೆರಿಕದಲ್ಲಿ 2009ರಲ್ಲಿ ಥ್ರೆಡ್‌ಅಪ್, 2011ರಲ್ಲಿ ಪಾಶ್‌ಮಾರ್ಕ್ ಸ್ಥಾಪನೆಯಾದವು. ಪಾಶ್‌ಮಾರ್ಕ್‌ನ ಸ್ಥಾಪಕರಲ್ಲಿ ಪ್ರಮುಖರಾದ ಮನೀಶ್ ಚಂದ್ರ ಅವರು ಭಾರತೀಯ ಮೂಲದವರೆಂಬುದು ಗಮನಾರ್ಹ.

2. ಕಾಣದೆ ಕೊಳ್ಳುವುದು

ಈ ವ್ಯಾಪಾರದ ಮುಖ್ಯ ತೊಡಕು ಒಂದೇ: ವಸ್ತ್ರವನ್ನು ಮುಟ್ಟಿ ನೋಡಲಾಗದು. ಅಂಗಡಿಯಲ್ಲಿ ನಾವು ಬಟ್ಟೆಯನ್ನು ಬೆರಳುಗಳ ನಡುವೆ ಉಜ್ಜಿ ನೋಡುತ್ತೇವೆ, ಬೆಳಕಿಗೆ ಹಿಡಿಯುತ್ತೇವೆ, ಹೊಲಿಗೆಯನ್ನು ಎಳೆದು ಪರೀಕ್ಷಿಸುತ್ತೇವೆ. ಅಂತರಜಾಲದಲ್ಲಿ ಇರುವುದು ನಾಲ್ಕಾರು ಚಿತ್ರಗಳು ಮತ್ತು ಮಾರುವವನ ಮಾತು ಮಾತ್ರ.

ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧವೊಂದರಲ್ಲಿ ಹಳೆಯ ಕಾರುಗಳ ಪೇಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಇಂತಹ ಸ್ಥಿತಿಯನ್ನು ವಿಶ್ಲೇಷಿಸಿದನು. ಒಳ್ಳೆಯ ಸರಕು ಯಾವುದು, ಕೆಟ್ಟದ್ದು ಯಾವುದು ಎಂಬುದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಕೊಳ್ಳುವವನು ಎರಡಕ್ಕೂ ನಡುವಿನ ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾನೆ. ಆ ಬೆಲೆಯು ಒಳ್ಳೆಯ ಸರಕುಳ್ಳವನಿಗೆ ಗಿಟ್ಟದ ಕಾರಣ ಅವನು ಪೇಟೆಯಿಂದ ಹಿಂದೆ ಸರಿಯುತ್ತಾನೆ. ಕೊನೆಗೆ ಕೆಟ್ಟ ಸರಕೇ ಉಳಿದು ಪೇಟೆಯೇ ಕೆಡುತ್ತದೆ. ಈ ಸಂಶೋಧನೆಗಾಗಿ ಅವನು 2001ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿಗೆ ಪಾತ್ರನಾದನು.

ಮೇಲ್ಕಂಡ ತತ್ತ್ವವನ್ನು ಅರಿತರೆ ಲಾಭದ ಮೂಲವೂ ಸ್ಪಷ್ಟವಾಗುತ್ತದೆ. ನಡುವಿನ ವ್ಯಾಪಾರಿಯು ನೂಲುವುದಿಲ್ಲ, ನೇಯುವುದಿಲ್ಲ, ಹೊಲೆಯುವುದಿಲ್ಲ. ಅವನು ಮಾಡುವ ಕೆಲಸವೆಂದರೆ, ಕಾಣಲಾಗದವರ ಪರವಾಗಿ ತಾನು ಕಂಡು, ಕಂಡದ್ದನ್ನು ಇದ್ದಂತೆ ಹೇಳುವುದು. ಅವನಿಗೆ ಸಲ್ಲುವ ಲಾಭವು ಈ ಪರೀಕ್ಷೆಯ ಕೂಲಿ.

3. ಪರೀಕ್ಷೆಯ ಕ್ರಮ

ಕೊಳ್ಳುವ ಮುನ್ನ ಚಿತ್ರದಲ್ಲಿ ಏನನ್ನು ನೋಡಬೇಕೆಂಬುದು ಈ ವಿದ್ಯೆಯ ಮೊದಲ ಭಾಗ. ಒಳಗಿನ ಚೀಟಿ, ಕಾಲರ್, ತೋಳಿನ ತುದಿ, ಕಂಕುಳ, ಜಿಪ್ ಮತ್ತು ಗುಂಡಿಗಳ ಚಿತ್ರಗಳಿರಬೇಕು, ಇಲ್ಲದಿದ್ದರೆ ಕೇಳಬೇಕು. ಅಳತೆಯ ಸಂಖ್ಯೆಯನ್ನು ನಂಬದೆ ಎದೆ, ಉದ್ದ ಮತ್ತು ತೋಳಿನ ಅಳತೆಗಳನ್ನು ಅಂಗುಲಗಳಲ್ಲಿ ತಿಳಿಯಬೇಕು. ಏಕೆಂದರೆ ಒಂದೇ ಸಂಖ್ಯೆಯ ಉಡುಪು ಬೇರೆ ಬೇರೆ ತಯಾರಕರಲ್ಲಿ ಬೇರೆ ಬೇರೆ ಗಾತ್ರದ್ದಾಗಿರುತ್ತದೆ, ಒಗೆತದಲ್ಲಿ ಕುಗ್ಗಿರಲೂಬಹುದು.

ಉಡುಪಿನ ಕಾಲವನ್ನು ಗುರುತಿಸುವುದು ಎರಡನೆಯ ಭಾಗ. ಲೀವೈಸ್ ಕಂಪನಿಯ ಪ್ಯಾಂಟಿನ ಹಿಂಜೇಬಿನ ಕೆಂಪು ಪಟ್ಟಿಯಲ್ಲಿ ಇಂಗ್ಲಿಷಿನ ಇ ಅಕ್ಷರವು 1971ರ ಸುಮಾರಿನವರೆಗೆ ದೊಡ್ಡಕ್ಷರವಾಗಿದ್ದು, ಅನಂತರ ಸಣ್ಣಕ್ಷರವಾಯಿತು. ಅಮೆರಿಕದ ಮಹಿಳಾ ಉಡುಪು ಕಾರ್ಮಿಕರ ಸಂಘವು 1995ರಲ್ಲಿ ಇನ್ನೊಂದು ಸಂಘದೊಡನೆ ವಿಲೀನಗೊಂಡಿತು. ಆದುದರಿಂದ ಆ ಹಳೆಯ ಸಂಘದ ಚೀಟಿಯುಳ್ಳ ಉಡುಪು ಅದಕ್ಕಿಂತ ಹಿಂದಿನದೆಂದು ಊಹಿಸಬಹುದು. ಒಗೆಯುವ ಕ್ರಮವನ್ನು ಬಟ್ಟೆಯಲ್ಲೇ ಕಾಯಮ್ಮಾಗಿ ನಮೂದಿಸಬೇಕೆಂಬ ಅಲ್ಲಿಯ ನಿಯಮವು 1972ರಲ್ಲಿ ಜಾರಿಗೆ ಬಂದಿತು. ಇಂತಹ ಚಿಕ್ಕ ಗುರುತುಗಳು ಶಾಸನತಜ್ಞನಿಗೆ ಲಿಪಿಯಿದ್ದಂತೆ. ಓದಬಲ್ಲವನಿಗೆ ಮಾತ್ರ ಅವು ಮಾತನಾಡುತ್ತವೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಲೀವೈಸ್ ಪ್ಯಾಂಟೊಂದು 2022ರಲ್ಲಿ ನ್ಯೂ ಮೆಕ್ಸಿಕೋದಲ್ಲಿ 76,000 ಡಾಲರುಗಳಿಗೆ ಹರಾಜಾಯಿತು. ಇಂತಹ ವಾರ್ತೆಗಳನ್ನು ಓದಿ ಈ ವ್ಯಾಪಾರಕ್ಕೆ ಇಳಿಯುವುದು, ನಿಧಿ ಸಿಕ್ಕಿತೆಂಬ ಸುದ್ದಿ ಕೇಳಿ ಹೊಲವನ್ನೆಲ್ಲ ಅಗೆದಂತಾದೀತು. ನಿತ್ಯದ ವ್ಯಾಪಾರವು ಸಣ್ಣ ಲಾಭಗಳದು.

4. ಲಾಭದ ಲೆಕ್ಕ

ತಿಳಿವಳಿಕೆಗಾಗಿ ಒಂದು ಕಲ್ಪಿತ ಲೆಕ್ಕವನ್ನು ಮಾಡೋಣ. ಒಬ್ಬನು ಹರಾಜಿನಲ್ಲಿ ಮೂರು ಉಣ್ಣೆಯ ಸ್ವೆಟರುಗಳನ್ನು ಬೇರೆ ಬೇರೆ ಕಡೆಯಿಂದ, ತಲಾ 9 ಡಾಲರಿಗೆ ಕೊಂಡನೆಂದು ಭಾವಿಸೋಣ. ಪ್ರತಿಯೊಂದಕ್ಕೂ ಸಾಗಾಟದ ವೆಚ್ಚ 10 ಡಾಲರ್. ಒಟ್ಟು ಅಸಲು 57 ಡಾಲರ್. ಇವುಗಳನ್ನು ತಲಾ 40 ಡಾಲರಿಗೆ ಮಾರುವುದು ಅವನ ಉದ್ದೇಶ. ಪಾಶ್‌ಮಾರ್ಕ್ 15 ಡಾಲರಿಗಿಂತ ಕಡಿಮೆಯ ಮಾರಾಟಕ್ಕೆ 2.95 ಡಾಲರನ್ನೂ, ಅದಕ್ಕಿಂತ ಹೆಚ್ಚಿನದಕ್ಕೆ ಶೇಕಡಾ 20ರಷ್ಟನ್ನೂ ದಲಾಲಿಯಾಗಿ ಹಿಡಿಯುತ್ತದೆ; ಅಂಚೆ ವೆಚ್ಚವನ್ನು ಕೊಳ್ಳುವವನು ತೆರುತ್ತಾನೆ. ಆಗ 40ರಲ್ಲಿ ಕೈಗೆ ಬರುವುದು 32. ಕಟ್ಟುವ ಸಾಮಗ್ರಿಗೆ 1 ಕಳೆದರೆ 31.

ಮೂರರಲ್ಲಿ ಒಂದು ಹುಳು ತಿಂದದ್ದಾಗಿ ಮಾರದೆ ಉಳಿಯಿತೆನ್ನೋಣ. ಎರಡರಿಂದ ಬಂದದ್ದು 62. ಅಸಲು ಕಳೆದರೆ ಉಳಿದದ್ದು 5 ಡಾಲರ್. ಹುಡುಕುವುದು, ಒಗೆಯುವುದು, ಚಿತ್ರ ತೆಗೆಯುವುದು, ವಿವರ ಬರೆಯುವುದು, ಕಟ್ಟುವುದು ಇವಕ್ಕೆ ಮೂರು ಗಂಟೆ ಹಿಡಿದರೂ, ಅಮೆರಿಕದ ಕೇಂದ್ರ ಸರ್ಕಾರವು 2009ರಿಂದ ಗೊತ್ತುಪಡಿಸಿರುವ ಗಂಟೆಗೆ 7.25 ಡಾಲರಿನ ಕನಿಷ್ಠ ಕೂಲಿಯೂ ಅವನಿಗೆ ಗಿಟ್ಟಲಿಲ್ಲ!

ಇನ್ನು ಮೂರನ್ನೂ ಒಂದೇ ಶಾಖೆಯಿಂದ ಕೊಂಡು ಒಂದೇ ಪೆಟ್ಟಿಗೆಯಲ್ಲಿ 15 ಡಾಲರಿಗೆ ತರಿಸಿದ್ದರೆ ಅಸಲು 42ಕ್ಕೆ ಇಳಿದು ಲಾಭವು 20 ಡಾಲರ್ ಆಗುತ್ತಿತ್ತು. ಹುಳು ತಿಂದ ಮೂರನೆಯದನ್ನೂ ದೋಷ ಸಹಿತವೆಂದು ಹೇಳಿ 14 ಡಾಲರಿಗೆ ಮಾರಿದ್ದರೆ, ದಲಾಲಿ ಮತ್ತು ಕಟ್ಟುವ ಖರ್ಚು ಕಳೆದು ಇನ್ನೂ 10.05 ಡಾಲರ್ ಸೇರುತ್ತಿತ್ತು. ಲಾಭವು ಮಾರುವ ಬೆಲೆಗಿಂತ ಹೆಚ್ಚಾಗಿ ಕೊಳ್ಳುವ ಎಚ್ಚರದಲ್ಲಿದೆ ಎಂಬುದು ಈ ಲೆಕ್ಕದ ಪಾಠ.

5. ನೀತಿಯ ಪ್ರಶ್ನೆ

ನಮ್ಮ ಶಾಲೆಯಲ್ಲಿ ಓದಿ, ಈಗ ಅಮೆರಿಕದಲ್ಲಿ ನೆಲೆಸಿ ಅಲ್ಲಿಯ ಪೌರನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬನು ಊರಿಗೆ ಬಂದಾಗ ಈ ಲೇಖಕನೊಡನೆ ಹೇಳಿಕೊಂಡ ಸಂಗತಿ ಇಲ್ಲಿ ಸ್ಮರಣೀಯ. ಅವನು ಬಿಡುವಿನ ವೇಳೆಯಲ್ಲಿ ಈ ವ್ಯಾಪಾರ ಮಾಡುತ್ತಾನೆ. ಒಮ್ಮೆ ಕೊಂಡ ಐದು ಸ್ವೆಟರುಗಳಲ್ಲಿ ಎರಡರ ತೋಳಿನಲ್ಲಿ ತೂತುಗಳಿದ್ದವು. “ಸರ್, ಫೋಟೋ ತೆಗೆಯುವಾಗ ತೋಳು ಮಡಚಿ ಇಟ್ಟರೆ ಏನೂ ಕಾಣುತ್ತಿರಲಿಲ್ಲ. ಮಡಚಿಯೂ ಇಟ್ಟಿದ್ದೆ. ಆದರೆ ನಮ್ಮವ್ವ ಕೌದಿಗೆ ಸೀರೆ ಹಾಕುವ ಮುಂಚೆ ಪ್ರತಿಯೊಂದನ್ನೂ ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಸವೆದದ್ದನ್ನು ಒಳಪದರಕ್ಕೆ ಹಾಕಿದರೂ ಹಾಕಿದ್ದೇನೆ ಅಂತ ಹೇಳಿಯೇ ಕೊಡುತ್ತಿದ್ದಳು. ಅದು ನೆನಪಾಯಿತು” ಎಂದನು. ಅವನು ತೋಳನ್ನು ಬಿಡಿಸಿ, ತೂತಿನ ಪಕ್ಕದಲ್ಲಿ ನಾಣ್ಯವನ್ನಿಟ್ಟು ಚಿತ್ರ ತೆಗೆದು ಹಾಕಿದನಂತೆ. ಒಂದು ಅರ್ಧ ಬೆಲೆಗೆ ಹೋಯಿತು. ಇನ್ನೊಂದು ಇಂದಿಗೂ ಅವನ ಕಪಾಟಿನಲ್ಲಿದೆ. ಆ ಸಲ ಅವನಿಗೆ ನಷ್ಟವೇ ಆಯಿತು. ಆ ನಷ್ಟವನ್ನು ಅವನು ಮುಚ್ಚಿಡದೆ ಹೇಳಿದ್ದು ಈ ಲೇಖಕನಿಗೆ ಮೆಚ್ಚುಗೆಯಾಯಿತು.

ಮಾರುವಾಗಿನ ಪ್ರಾಮಾಣಿಕತೆ ಹೀಗಾದರೆ, ಕೊಳ್ಳುವಾಗಿನದು ಇನ್ನೂ ಸೂಕ್ಷ್ಮವಾದುದು. ಜರಿ ಸೀರೆಯ ಉದಾಹರಣೆಗೆ ಮರಳೋಣ. ಹಳೆಯ ಜರಿಯಲ್ಲಿ ಎಷ್ಟು ಬೆಳ್ಳಿಯಿದೆಯೆಂಬುದು ಕೊಳ್ಳುವವನಿಗೆ ಗೊತ್ತು. ಮನೆಯ ಅಜ್ಜಿಗೆ ಗೊತ್ತಿಲ್ಲ. ಇಲ್ಲಿ ಅಜ್ಞಾನವು ಮಾರುವವರ ಪಾಲಿಗಿದೆ. ತನ್ನ ಅರಿವಿನ ಬಲದಿಂದ ಲಾಭ ಪಡೆಯುವುದು ತಪ್ಪೇ? ಬಹಿರಂಗ ಹರಾಜಿನಲ್ಲಿ ಅರಿತವರು ಅನೇಕರಿದ್ದು ಪೈಪೋಟಿಯಿಂದ ಬೆಲೆಯು ತಾನಾಗಿ ಏರುತ್ತದೆ. ಅಲ್ಲಿ ಅರಿವಿಗೆ ಸಿಕ್ಕ ಲಾಭವು ನ್ಯಾಯವಾದುದೇ. ಆದರೆ ಒಬ್ಬಂಟಿ ಮುದುಕಿಯೊಬ್ಬಳು ಕೇಳಿದಾಗ “ಇದರಲ್ಲಿ ಏನೂ ಇಲ್ಲ” ಎಂದು ಹೇಳಿ ಕೊಂಡರೆ ಅದು ವಂಚನೆ. ಅರಿವಿಗೆ ಕೂಲಿ ಪಡೆಯಬಹುದು, ಸುಳ್ಳಿಗೆ ಪಡೆಯಬಾರದು.

6. ಉಳಿದ ಬಟ್ಟೆಯ ಗತಿ

ಆಯ್ದವರು ಆಯ್ದುಕೊಂಡ ನಂತರ ಉಳಿದ ರಾಶಿಯ ಗತಿಯನ್ನೂ ನಾವು ಯೋಚಿಸಬೇಕು. ಶ್ರೀಮಂತ ದೇಶಗಳಲ್ಲಿ ಮಾರಾಟವಾಗದ ಬಟ್ಟೆಯು ಬೇಲುಗಳಲ್ಲಿ ಬಿಗಿಯಲ್ಪಟ್ಟು ಆಫ್ರಿಕಾ ಮತ್ತು ಏಷ್ಯಾಗಳಿಗೆ ಸಾಗುತ್ತದೆ. ಘಾನಾದ ರಾಜಧಾನಿ ಆಕ್ರಾದ ಕಾಂಟಮಾಂಟೋ ಮಾರುಕಟ್ಟೆಯು ಇವುಗಳಿಗೆ ಹೆಸರಾದುದು. ಸತ್ತ ಬಿಳಿಯನ ಬಟ್ಟೆ ಎಂಬರ್ಥದ ‘ಒಬ್ರೋನಿ ವಾವು’ ಎಂಬ ಹೆಸರು ಅಲ್ಲಿ ರೂಢಿಯಲ್ಲಿದೆ. ಅಲ್ಲಿಯ ವ್ಯಾಪಾರಿಯು ಬೇಲನ್ನು ಬಿಚ್ಚಿ ನೋಡದೆಯೇ ಕೊಳ್ಳಬೇಕಾಗುತ್ತದೆ. ಒಳಗೆ ಹರಕು ಬಂದರೆ ಸಾಲ ಅವನ ತಲೆಯ ಮೇಲೆ. ಅಂತರಜಾಲದ ಗಿರಾಕಿಗೆ ನಾಲ್ಕು ಚಿತ್ರಗಳಾದರೂ ಉಂಟು, ಹೇಳಿದಂತಿಲ್ಲದ ವಸ್ತುವನ್ನು ಹಿಂದಿರುಗಿಸುವ ಅವಕಾಶವುಂಟು. ಇವರಿಗೆ ಎರಡೂ ಇಲ್ಲ. 2025ರ ಜನವರಿ ಆರಂಭದಲ್ಲಿ ಆ ಮಾರುಕಟ್ಟೆಯ ಬಹುಭಾಗವು ಬೆಂಕಿಗೆ ಆಹುತಿಯಾಗಿ ಸಾವಿರಾರು ಜನರ ಜೀವನೋಪಾಯಕ್ಕೆ ಧಕ್ಕೆಯಾಯಿತು. ರುವಾಂಡಾ ದೇಶವು ಸ್ವದೇಶಿ ಉಡುಪು ಕೈಗಾರಿಕೆಯ ರಕ್ಷಣೆಗಾಗಿ 2016ರಲ್ಲಿ ಹಳೆಯ ಬಟ್ಟೆಯ ಸುಂಕವನ್ನು ಕಿಲೋ ಒಂದಕ್ಕೆ 0.20 ಡಾಲರಿನಿಂದ 2.50 ಡಾಲರಿಗೆ ಏರಿಸಿತು. ಇದಕ್ಕೆ ಪ್ರತಿಯಾಗಿ ಅಮೆರಿಕವು 2018ರಲ್ಲಿ ಆ ದೇಶದ ಉಡುಪುಗಳಿಗಿದ್ದ ಸುಂಕರಿಯಾಯಿತಿಯನ್ನು ತಡೆಹಿಡಿಯಿತು.

ನಮ್ಮ ದೇಶದಲ್ಲಿ ಬಳಸಿದ ಉಡುಪಿನ ಆಮದು ನಿರ್ಬಂಧಿತವಾದುದು, ಪರವಾನಗಿಯಿಲ್ಲದೆ ತರಿಸುವಂತಿಲ್ಲ. ಗುಜರಾತಿನ ಕಾಂಡ್ಲಾ ವಿಶೇಷ ಆರ್ಥಿಕ ವಲಯದ ಘಟಕಗಳು ವಿದೇಶದ ಹಳೆಯ ಬಟ್ಟೆಯನ್ನು ವಿಂಗಡಿಸಿ ಮರುರಫ್ತು ಮಾಡುತ್ತವೆ. ಧರಿಸಲಾಗದಂತೆ ಕತ್ತರಿಸಿದ ಉಣ್ಣೆಯ ಚಿಂದಿಯು ಹರಿಯಾಣದ ಪಾಣಿಪತ್ ಸೇರಿ, ಮತ್ತೆ ನೂಲಾಗಿ, ಅಗ್ಗದ ಕಂಬಳಿಯಾಗುತ್ತದೆ. ದೇಶದೊಳಗಿನ ಹಳೆಯ ಬಟ್ಟೆಯಾದರೋ, ಪಾತ್ರೆಗೆ ಬದಲಾಗಿ ಸಂಗ್ರಹಗೊಂಡು ದೆಹಲಿಯ ರಘುಬೀರ್ ನಗರದಲ್ಲಿ ನಸುಕಿನಲ್ಲೇ ಸೇರುವ ಸಂತೆಯಂತಹ ಕಡೆಗಳಲ್ಲಿ ಮಾರಾಟವಾಗುತ್ತದೆ. ಗುಜರಾತ್ ಮೂಲದ ವಾಘ್ರಿ ಸಮುದಾಯದವರು ಈ ಕಸುಬಿನಲ್ಲಿ ನುರಿತವರು.

7. ಉಪಸಂಹಾರ

ಹಳೆಯ ವಸ್ತ್ರದ ವ್ಯಾಪಾರವು ಕೀಳಾದ ವೃತ್ತಿಯಲ್ಲ. ಎಸೆಯಬಹುದಾದುದನ್ನು ಬಳಕೆಗೆ ತರುವುದು, ಬೇಕಾದವರಿಗೆ ತಲುಪಿಸುವುದು ಸಮಾಜೋಪಯೋಗಿ ಕಾರ್ಯವೇ ಸರಿ. ಆದರೆ ಇದು ಸುಲಭದ ಹಣವೂ ಅಲ್ಲ. ಕೈಗೊಳ್ಳುವವರು ಸ್ವಲ್ಪ ಬಂಡವಾಳದಿಂದ ಆರಂಭಿಸಿ, ಅಸಲು, ಸಾಗಾಟ, ದಲಾಲಿ ಮತ್ತು ಸಮಯಗಳ ಲೆಕ್ಕವನ್ನು ಮೊದಲ ದಿನದಿಂದಲೇ ಬರೆದಿಡಬೇಕು. ಒಂದು ಬಗೆಯ ಉಡುಪನ್ನಾದರೂ ಚೆನ್ನಾಗಿ ಅರಿತು ಅದರಲ್ಲಿಯೇ ವ್ಯವಹರಿಸಬೇಕು.

ಶಿಕ್ಷಕ ಬಂಧುಗಳು ತಮ್ಮ ತರಗತಿಯಲ್ಲಿ ಒಂದು ಹಳೆಯ ಅಂಗಿಯನ್ನು ಮೇಜಿನ ಮೇಲಿಟ್ಟು, ಅದನ್ನು ಕಾಣದವನೊಬ್ಬನಿಗೆ ಹತ್ತು ವಾಕ್ಯಗಳಲ್ಲಿ ವಿವರಿಸುವಂತೆ ವಿದ್ಯಾರ್ಥಿಗಳಿಗೆ ಹೇಳಬಹುದು. ಯಾರು ಕಾಲರಿನ ಸವೆತವನ್ನೂ ಬರೆಯುತ್ತಾರೋ ಅವರಿಗೆ ಹೆಚ್ಚಿನ ಅಂಕಗಳು ಸಲ್ಲಬೇಕು. ಕೊಳ್ಳುವವನ ಕಣ್ಣು ತಲುಪದ ಕಡೆ ಮಾರುವವನ ಮಾತೇ ಕಣ್ಣಾಗಬೇಕು. ಆ ಮಾತು ಸತ್ಯವಾಗಿರುವವರೆಗೆ ಮಾತ್ರ ಈ ಪೇಟೆಯು ಉಳಿಯುತ್ತದೆ ಮತ್ತು ಅಲ್ಲಿ ಗಳಿಸಿದ ಲಾಭವು ದಕ್ಕುತ್ತದೆ.